ಚೀನೀ ಮೂಲಿಕೆ ಬಾಯಿಗೆ ಹಾಕುವ ಮುಂಚೆ: ಪೊಟ್ಟಣ ಬಿಚ್ಚಿ ನೋಡುವ ಬಗೆ

ಡಿಸೆಂಬರ್ ಮಳೆಯಲ್ಲಿ ಅಮ್ಮ ಮೈಸೂರಿನಿಂದ ಸಿಂಗಾಪುರಕ್ಕೆ, ನಮ್ಮ ಮನೆಗೆ ಬಂದಿದ್ದರು. ಅಮ್ಮನ ಹೃದಯದಲ್ಲಿ ಲೋಹದ ಕವಾಟ ಇದೆ. ಹನ್ನೊಂದು ವರ್ಷದಿಂದ ದಿನಾ ಸಂಜೆ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ ಅದು. ರಕ್ತ ಎಷ್ಟು ತೆಳುವಾಗಿದೆ ಅಂತ ತಿಳಿಸುವ ಪರೀಕ್ಷೆಗೆ ಐಎನ್‌ಆರ್ ಅಂತಾರೆ. ಅಮ್ಮನಿಗೆ ಅದು 2.5ರಿಂದ 3.5ರ ಒಳಗೆ ಇರಬೇಕು. ಊರು ಬಿಡುವಾಗ 2.8 ಇತ್ತು. ಇಲ್ಲಿಗೆ ಬಂದ ಐದನೇ ವಾರ 5.4 ಬಂತು. ವಿಚಾರಿಸಿದರೆ, ಹಲ್ಲುಜ್ಜುವಾಗ ನಾಲ್ಕು ದಿನದಿಂದ ಒಸಡಲ್ಲಿ ರಕ್ತ ಬರುತ್ತಿತ್ತಂತೆ. ಮೊಣಕೈ ಹತ್ತಿರ ಅಂಗೈಯಗಲ ನೀಲಿಗಟ್ಟಿತ್ತು.

ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ರೋಗಿಗಳನ್ನು ದಿನಾ ಕೇಳುವ ಪ್ರಶ್ನೆಯನ್ನು ಅಮ್ಮನಿಗೂ ಕೇಳಿದೆ. ಹೊಸದಾಗಿ ಏನಾದರೂ ತಿಂದೆಯಾ, ಕುಡಿದೆಯಾ?

"ಪಕ್ಕದ್ಮನೆ ಆಂಟಿ ಕೊಟ್ಟ ಕಷಾಯ ಕಣೇ, ಮಂಡಿ ನೋವಿಗೆ. ಬೇರು ಬಿಟ್ರೆ ಅದ್ರಲ್ಲಿ ಇನ್ನೇನೂ ಇಲ್ಲ."

ಕಪಾಟಿನಲ್ಲಿ ಇನ್ನೂ ಎರಡು ಪೊಟ್ಟಣ ಉಳಿದಿದ್ದವು. ಒಂದನ್ನು ಬಿಚ್ಚಿ ಸ್ಟೀಲ್ ತಟ್ಟೆಗೆ ಸುರಿದೆ. ಪೆನ್ಸಿಲ್ ದಪ್ಪದ, ಇಟ್ಟಿಗೆ ಕೆಂಪಿನ ಬೇರಿನ ತುಂಡುಗಳು. ಕೆನೆ ಬಣ್ಣದ ತೆಳು ಹಾಳೆಯಂಥ ಚೂರುಗಳು. ಮೂಸಿದರೆ ಓಂಕಾಳಿನ ಡಬ್ಬಿ ತೆಗೆದ ಹಾಗೆ ವಾಸನೆ. ನಾಲಿಗೆಗೆ ಇಟ್ಟರೆ ಸಿಹಿಯಾಗುವ ಹಳದಿ ಚಕ್ಕೆ. ಒಂದು ಹಿಡಿ ಗೋಜಿ ಹಣ್ಣು, ನಾಲ್ಕು ಕೆಂಪು ಖರ್ಜೂರ. ಕೆಂಪು ಬೇರು ಡಾನ್‌ಶೆನ್. ಓಂಕಾಳಿನ ವಾಸನೆಯದು ಡಾಂಗ್‌ಗ್ವೈ, ಓಂಕಾಳು ಕೊತ್ತಂಬರಿಗಳ ಕುಟುಂಬದ್ದೇ. ಹಳದಿ ಚಕ್ಕೆ ಗಾನ್‌ಚಾವ್, ಅಂದರೆ ನಮ್ಮ ಜ್ಯೇಷ್ಠಮಧುವಿನ ಹತ್ತಿರದ ಸಂಬಂಧಿ. ವಾರ್ಫರಿನ್ ಜೊತೆ ಡಾನ್‌ಶೆನ್ ಸೇರಿದರೆ ರಕ್ತ ಅತಿಯಾಗಿ ತೆಳುವಾಗಬಹುದು ಅಂತ ಹಾಂಗ್‌ಕಾಂಗ್‌ನ ವೈದ್ಯರು 1990ರ ದಶಕದಲ್ಲೇ ಬರೆದಿದ್ದರು. ಡಾಂಗ್‌ಗ್ವೈ ಬಗ್ಗೆಯೂ, ಗೋಜಿ ಬಗ್ಗೆಯೂ ಅಂಥ ವರದಿಗಳಿವೆ. ತಟ್ಟೆಯಲ್ಲಿ ಮೂರೂ ಒಟ್ಟಿಗೆ ಇದ್ದವು.

ಆಂಟಿಯದು ಪ್ರೀತಿಯೇ. ಅವರ ಮಂಡಿಗೆ ಅದರಿಂದ ಆರಾಮ ಸಿಕ್ಕಿತ್ತು, ಅದಕ್ಕೇ ಕೊಟ್ಟರು. ನಮ್ಮಲ್ಲೂ ಹಾಗೇ ಅಲ್ವಾ? ಅಮೃತಬಳ್ಳಿ ಕಷಾಯ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೂ ಹೀಗೇ. ಸಿಂಗಾಪುರ, ಮಲೇಷ್ಯಾ, ಹಾಂಗ್‌ಕಾಂಗ್‌ನಲ್ಲಿರುವ ನಮ್ಮವರಿಗೆ ಇದು ಪಕ್ಕದ ಮನೆಯ ವಿಷಯ. ಈಗ ಬೆಂಗಳೂರಿನಲ್ಲೂ ಆನ್‌ಲೈನಲ್ಲಿ ಜಿನ್ಸೆಂಗ್ ಬೇರು, ಗಿಂಕ್ಗೊ ಮರದ ಎಲೆಯ ಮಾತ್ರೆ ತರಿಸುವವರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಚೀನೀ ಔಷಧಿ ಕೆಲಸ ಮಾಡುತ್ತಾ?" ಅಂತ ಜನ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಇಲ್ಲ. ಯಾವ ಗಿಡ, ಅದರ ಯಾವ ಭಾಗ, ಹೇಗೆ ತಯಾರಿಸಿದ್ದು, ಎಷ್ಟು, ಯಾವ ಕಾಯಿಲೆಗೆ, ಯಾರಿಗೆ? ಹೀಗೆ ಕೇಳಿದರೆ ಉತ್ತರ ಸಿಗುತ್ತದೆ.

ಮೊದಲು ಹೆಸರು ಹಿಡಿಯಿರಿ

ಕೈಯಲ್ಲಿರುವುದಕ್ಕೆ ಮೂರು ಹೆಸರು ಬರೆಸಿಕೊಳ್ಳಿ. ಚೀನೀ ಅಕ್ಷರದಲ್ಲಿ ಒಂದು, ಅದರ ಉಚ್ಚಾರಣೆ ಒಂದು, ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರು ಒಂದು. ಇಲ್ಲಿನ ಹಳೇ ಮೆಡಿಕಲ್ ಹಾಲ್‌ಗಳು, ಅಂದರೆ ಚೀನೀ ಮೂಲಿಕೆ ಅಂಗಡಿಗಳು, ನಮ್ಮ ಗ್ರಂಧಿಗೆ ಅಂಗಡಿ ಇದ್ದ ಹಾಗೆ. ಗೋಡೆ ತುಂಬಾ ಮರದ ಖಾನೆಗಳು, ಕೈಯಲ್ಲಿ ಹಿಡಿಯುವ ಪುಟ್ಟ ತಕ್ಕಡಿ. ಕೇಳಿದರೆ ಬೇಸರವಿಲ್ಲದೆ ಚೀಟಿಯಲ್ಲಿ ಬರೆದುಕೊಡುತ್ತಾರೆ. ಬಿಡಿಬಿಡಿಯಾಗಿ ಇರುವಾಗಲೇ, ಕುದಿಸುವ ಮುಂಚೆ, ಒಂದು ಫೋಟೊ ತೆಗೆದಿಡಿ. ಕುದಿಸಿದ ಮೇಲೆ ಎಲ್ಲ ಒಂದೇ ಕಪ್ಪು ನೀರು.

ಹೆಸರಿಗೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ಬ್ರಸೆಲ್ಸ್‌ನಲ್ಲಿ ನಡೆದದ್ದನ್ನು ಓದಿದ ಮೇಲೆ ನನಗೆ ಮರೆಯಲು ಆಗಿಲ್ಲ. 1990ರ ಸುಮಾರಿಗೆ ಅಲ್ಲಿ ತೂಕ ಇಳಿಸುವ ಒಂದು ಕ್ಲಿನಿಕ್ ತನ್ನ ಮಾತ್ರೆಗೆ ಚೀನೀ ಮೂಲಿಕೆ ಸೇರಿಸಿತು. ಹಾಕಬೇಕಿದ್ದದ್ದು ಫಾಂಗ್‌ಜಿ, ಲ್ಯಾಟಿನ್‌ನಲ್ಲಿ ಸ್ಟೆಫಾನಿಯಾ ಟೆಟ್ರಾಂಡ್ರಾ. ಬಂದದ್ದು ಗ್ವಾಂಗ್ ಫಾಂಗ್‌ಜಿ, ಅಂದರೆ ಅರಿಸ್ಟೊಲೋಕಿಯಾ ಫಾಂಗ್‌ಚಿ. ಹೆಸರಲ್ಲಿ ಅರ್ಧ ಒಂದೇ. ಗಿಡ ಬೇರೆಯೇ. ಅರಿಸ್ಟೊಲೋಕಿಯಾದಲ್ಲಿರುವ ಆಮ್ಲ ಕಿಡ್ನಿಯನ್ನು ಹಾಳು ಮಾಡುತ್ತದೆ. ಚೆನ್ನಾಗಿದ್ದ ಹೆಂಗಸರಿಗೆ ಕಿಡ್ನಿ ಹೋಗತೊಡಗಿತು. 1993ರಲ್ಲಿ ಅಲ್ಲಿನ ವೈದ್ಯರು ಇದನ್ನು ಪ್ರಕಟಿಸಿದರು. ಒಟ್ಟು ನೂರಕ್ಕೂ ಜಾಸ್ತಿ ಜನರಿಗೆ ಹೀಗಾಯಿತು. ಕೆಲವರಿಗೆ ವರ್ಷಗಳ ನಂತರ ಮೂತ್ರನಾಳದಲ್ಲಿ ಕ್ಯಾನ್ಸರ್ ಕಾಣಿಸಿತು. ತೈವಾನ್ 2003ರಲ್ಲಿ ಇಂಥ ಮೂಲಿಕೆಗಳನ್ನು ನಿಷೇಧಿಸಿತು.

ಇದು ದೂರದ ಕಥೆ ಅಂದುಕೊಳ್ಳಬೇಡಿ. ನಮ್ಮ ಹಿತ್ತಲಿನ ಈಶ್ವರಿ ಬಳ್ಳಿ, ಹಾವಿನ ವಿಷಕ್ಕೆ ಅಂತ ಕೆಲವರು ಕೊಡುವ ನಂಜಿನ ಬೇರು, ಅರಿಸ್ಟೊಲೋಕಿಯಾ ಇಂಡಿಕಾ. ಅದೇ ಕುಲ, ಅದೇ ಆಮ್ಲ. ಅದನ್ನು ಕುಡಿಯಲು ಕೊಡಬೇಡಿ. ಹಾವು ಕಚ್ಚಿದರೆ ನೇರ ಆಸ್ಪತ್ರೆಗೆ ಹೋಗಿ.

ಹೆಸರು ಸಿಕ್ಕಿದ ಮೇಲೆ "ತಯಾರಿ ಹೇಗೆ?" ಅಂತ ಕೇಳಿ. ಫೂಜಿ, ಚ್ವಾನ್‌ವೂ ಎಂಬ ಬೇರುಗಳು ನಮ್ಮ ವತ್ಸನಾಭಿಯ ಜಾತಿಯವು. ಸಂಸ್ಕರಿಸಿ, ತುಂಬಾ ಹೊತ್ತು ಕುದಿಸಿದರೆ ಅದರ ವಿಷ ಒಡೆದು ಕಡಿಮೆಯಾಗುತ್ತದೆ. ಅವಸರದಲ್ಲಿ ಅರ್ಧ ಕುದಿಸಿ ಕುಡಿದವರು ಹಾಂಗ್‌ಕಾಂಗ್‌ನಲ್ಲಿ ಆಸ್ಪತ್ರೆ ಸೇರಿದ್ದಾರೆ. ಮೊದಲು ತುಟಿ, ನಾಲಿಗೆ ಜೋಮು ಹಿಡಿಯುತ್ತದೆ. ಆಮೇಲೆ ಎದೆಬಡಿತ ತಪ್ಪುತ್ತದೆ. ಜೋಮು ಅನಿಸಿದ ಕ್ಷಣವೇ ಆಂಬುಲೆನ್ಸ್ ಕರೆಯಬೇಕು. ಕಾಯಬಾರದು. ಮನೆಯಲ್ಲಿ ಕುದಿಸುವ ಪೊಟ್ಟಣದಲ್ಲಿ ಈ ಬೇರು ಇದ್ದರೆ ಬೇಡವೇ ಬೇಡ ಅನ್ನುತ್ತೇನೆ ನಾನು.

ಪುರಾವೆ ಅಂದರೆ ಯಾವುದು

ಪುರಾವೆ ಹೇಗೆ ಹುಟ್ಟುತ್ತದೆ ಅಂತ ತಿಳಿಯಲು ಚೀನಾದ ವಿಜ್ಞಾನಿ ತು ಯೂಯೂ ಅವರ ಕೆಲಸಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ವಿಯೆಟ್ನಾಂ ಯುದ್ಧದ ಕಾಲ. ಸೈನಿಕರು ಮಲೇರಿಯಾದಿಂದ ಸಾಯುತ್ತಿದ್ದರು. ಹಳೇ ಮದ್ದಿಗೆ ಮಲೇರಿಯಾ ಬಗ್ಗುತ್ತಿರಲಿಲ್ಲ. ಚೀನಾ 1967ರ ಮೇ 23ರಂದು ಗುಟ್ಟಾಗಿ ಒಂದು ಯೋಜನೆ ಶುರು ಮಾಡಿತು. ದಿನಾಂಕದಿಂದಲೇ ಅದಕ್ಕೆ 523 ಅಂತ ಹೆಸರು. 1969ರಲ್ಲಿ ತು ಯೂಯೂ ಬೀಜಿಂಗ್‌ನಲ್ಲಿ ಅದಕ್ಕೆ ಸೇರಿದರು. ಅವರ ತಂಡ ಎರಡು ಸಾವಿರಕ್ಕೂ ಜಾಸ್ತಿ ಹಳೇ ಮದ್ದುಗಳನ್ನು ಕಲೆಹಾಕಿತು. ಸುಮಾರು 200 ಮೂಲಿಕೆಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ತೆಗೆದು ಇಲಿಗಳ ಮೇಲೆ ನೋಡಿತು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಚೆನ್ನಾಗಿ ಕೆಲಸ ಮಾಡಿತು, ಇನ್ನೊಮ್ಮೆ ಮಾಡಲಿಲ್ಲ.

ಆಗ ಅವರು 4ನೇ ಶತಮಾನದ ಗೇ ಹೊಂಗ್ ಎಂಬ ವೈದ್ಯರ ಬರಹವನ್ನು ಮತ್ತೆ ತೆಗೆದರು. ಒಂದು ಹಿಡಿ ಚಿಂಗ್‌ಹಾವ್, ಎರಡು ಅಳತೆ ನೀರಲ್ಲಿ ನೆನೆಸಿ, ಹಿಂಡಿ, ರಸವನ್ನೆಲ್ಲ ಕುಡಿಯಬೇಕು ಅಂತ ಅಲ್ಲಿತ್ತು. ಕುದಿಸಬೇಕು ಅಂತ ಇರಲಿಲ್ಲ. ಬಿಸಿಯಿಂದಲೇ ಸಾರ ಕೆಡುತ್ತಿದೆಯೇನೋ ಅಂತ ಅವರಿಗೆ ಹೊಳೆಯಿತು. ಕಡಿಮೆ ಉಷ್ಣಾಂಶದಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೇ ಸ್ಯಾಂಪಲ್ ಇಲಿಗಳ ಮಲೇರಿಯಾವನ್ನು ಪೂರ್ತಿ ಹೊಡೆದುಹಾಕಿತು. 1972ರಲ್ಲಿ ಅವರೂ ಜೊತೆಯವರೂ ಮೊದಲು ತಾವೇ ಕುಡಿದು ನೋಡಿದರು. ಆಮೇಲೆ ರೋಗಿಗಳಿಗೆ ಕೊಟ್ಟರು. ಅದೇ ಆರ್ಟೆಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ನಮ್ಮ ಊರುಗಳಲ್ಲೂ ಫ್ಯಾಲ್ಸಿಪ್ಯಾರಂ ಎಂಬ ಅಪಾಯದ ಬಗೆಯ ಮಲೇರಿಯಾಗೆ ಕೊಡುವ ಮಾತ್ರೆ ಇದೇ ಮನೆತನದ್ದು.

ಇಲ್ಲಿ ಗಮನಿಸಬೇಕಾದ್ದು ಇದು. ಗೇ ಹೊಂಗ್ ಬರಹ ದಾರಿ ತೋರಿಸಿತು. ಅದನ್ನೇ ಯಾರೂ ಪುರಾವೆ ಅನ್ನಲಿಲ್ಲ. ಇಲಿ, ಆಮೇಲೆ ಮನುಷ್ಯ, ಆಮೇಲೆ ಅಳತೆ ಗೊತ್ತಿರುವ ಮಾತ್ರೆ, ಹೀಗೆ ಹಂತ ಹಂತವಾಗಿ ಹೋದರು. ಅದೇ ಗಿಡದ ಎಲೆಯ ಟೀ ಕುಡಿದರೆ ಮಲೇರಿಯಾ ವಾಸಿಯಾಗುತ್ತಾ? ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡ ಅನ್ನುತ್ತದೆ. ಒಂದೊಂದು ಎಲೆಯಲ್ಲಿ ಮದ್ದಿನ ಪ್ರಮಾಣ ಒಂದೊಂದು ಥರ, ರೋಗ ಪೂರ್ತಿ ಸಾಯುವುದಿಲ್ಲ. ಅರ್ಧ ಮದ್ದಿಗೆ ಪರಾವಲಂಬಿ ಒಗ್ಗಿಕೊಳ್ಳುವ ಭಯವೂ ಇದೆ. ನೊಬೆಲ್ ಬಂದ ಗಿಡದ ಕಥೆಯೇ ಹೀಗಿದ್ದರೆ, "ಎರಡು ಸಾವಿರ ವರ್ಷದಿಂದ ಕುಡೀತಿದ್ದಾರೆ" ಅನ್ನುವ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು ನೋಡಿ.

ಹಾಗಾಗಿ ಯಾರಾದರೂ "ಸಂಶೋಧನೆಯಲ್ಲಿ ಸಾಬೀತಾಗಿದೆ" ಅಂದರೆ ನಾನು ಕೇಳುವುದು: ಇಲಿಯ ಮೇಲಾ, ಮನುಷ್ಯರ ಮೇಲಾ? ಎಷ್ಟು ಜನ? ಯಾವುದಕ್ಕೆ ಹೋಲಿಸಿ? ಕೊನೆಗೆ ಅಳೆದದ್ದು ಏನನ್ನು?

ಚೀನಾದ ಚಿಲಿ ಚಿಯಾಂಗ್‌ಶಿನ್ ಎಂಬ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಹಲವು ಮೂಲಿಕೆಗಳ ಮಿಶ್ರಣ, ಹೃದಯ ಸೋತವರಿಗೆ, ಅಂದರೆ ರಕ್ತ ಪಂಪ್ ಮಾಡುವ ಶಕ್ತಿ ಕುಗ್ಗಿದವರಿಗೆ, ಕೊಡುವುದು. 133 ಆಸ್ಪತ್ರೆಗಳಲ್ಲಿ 3,110 ಜನರಿಗೆ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ಕ್ಯಾಪ್ಸೂಲ್, ಅರ್ಧ ಜನಕ್ಕೆ ನೋಡಲು ಹಾಗೇ ಇರುವ ಖಾಲಿ ಕ್ಯಾಪ್ಸೂಲ್. ಯಾರಿಗೆ ಯಾವುದು ಅಂತ ರೋಗಿಗೂ ವೈದ್ಯರಿಗೂ ಗೊತ್ತಿಲ್ಲ. ಸುಮಾರು ಒಂದೂವರೆ ವರ್ಷ ನೋಡಿದರು. ಹೃದಯದ ತೊಂದರೆಯಿಂದ ಸತ್ತವರು ಅಥವಾ ಹೃದಯ ಇನ್ನಷ್ಟು ಸೋತು ಆಸ್ಪತ್ರೆ ಸೇರಿದವರು ಖಾಲಿ ಕ್ಯಾಪ್ಸೂಲಿನವರಲ್ಲಿ ನೂರಕ್ಕೆ 30, ಮೂಲಿಕೆಯವರಲ್ಲಿ 25. 2024ರಲ್ಲಿ ಪ್ರಕಟವಾಯಿತು. ಇದನ್ನು ನಾನು ಗೌರವದಿಂದ ಓದುತ್ತೇನೆ. ಆದರೆ ಎರಡು ಗುಂಪಿನವರೂ ತಮ್ಮ ಮಾಮೂಲಿ ಹೃದಯದ ಮಾತ್ರೆಗಳನ್ನು ಬಿಟ್ಟಿರಲಿಲ್ಲ. ಇದು ಅವುಗಳ ಜೊತೆಗೆ, ಅವುಗಳ ಬದಲಿಗಲ್ಲ. ಬೇರೆ ದೇಶದಲ್ಲೂ ಮಾಡಿ ನೋಡಬೇಕು. 1998ರಲ್ಲಿ ಕೆಲವರು ಅಕ್ಯುಪಂಕ್ಚರ್ ಪರೀಕ್ಷೆಗಳನ್ನು ದೇಶವಾರು ವಿಂಗಡಿಸಿ ನೋಡಿದ್ದರು. ಚೀನಾದಿಂದ ಬಂದ ಪ್ರತಿಯೊಂದು ಪರೀಕ್ಷೆಯೂ ಯಶಸ್ವಿ ಅಂತಲೇ ಇತ್ತು. ಎಲ್ಲವೂ ಗೆದ್ದಿದೆ ಅಂದರೆ, ಸೋತವು ಅಚ್ಚಿಗೆ ಹೋಗಿಲ್ಲ ಅಂತ ಅನುಮಾನ ಬರಲೇಬೇಕು.

ಇನ್ನು ಗಿಂಕ್ಗೊ. ಮರೆವು ತಡೆಯುತ್ತದೆ ಅಂತ ಮಾರುತ್ತಾರೆ. ಅಮೆರಿಕದಲ್ಲಿ 75 ದಾಟಿದ 3,069 ಜನರಿಗೆ ಎಲೆಯ ಸಾರ ದಿನಕ್ಕೆರಡು ಸಲ 120 ಮಿಲಿಗ್ರಾಂ, ಅಥವಾ ಖಾಲಿ ಮಾತ್ರೆ, ಸುಮಾರು ಆರು ವರ್ಷ ಕೊಟ್ಟರು. 2008ರಲ್ಲಿ ಫಲಿತಾಂಶ ಬಂತು. ಮರೆವಿನ ಕಾಯಿಲೆ ಬರುವುದರಲ್ಲಿ ಏನೂ ವ್ಯತ್ಯಾಸ ಇಲ್ಲ. ಅಪ್ಪ ಅಮ್ಮನಿಗೆ ಅಂತ ಗಿಂಕ್ಗೊ ಕಳಿಸುವವರು ಆ ದುಡ್ಡಲ್ಲಿ ಒಳ್ಳೆಯ ಕನ್ನಡಕವೋ, ಕಿವಿ ಪರೀಕ್ಷೆಯೋ ಮಾಡಿಸಿ.

ನಿಜವಾಗಿ ಕೆಲಸ ಮಾಡುವುದಕ್ಕೆ ಅಡ್ಡಪರಿಣಾಮವೂ ಇರುತ್ತದೆ. ಮಾ ಹುವಾಂಗ್ ಎಂಬ ಗಿಡದಲ್ಲಿ ಎಫೆಡ್ರಿನ್ ಎಂಬ ಮದ್ದಿನ ಅಂಶ ಇದೆ. ಉಸಿರಾಟದ ನಾಳ ಬಿಚ್ಚುತ್ತದೆ, ಜೊತೆಗೆ ಬಿ.ಪಿ. ಏರಿಸುತ್ತದೆ, ಎದೆಬಡಿತ ಜೋರಾಗುತ್ತದೆ. ತೂಕ ಇಳಿಸಲು ಅದನ್ನು ನುಂಗಿದವರು ಸತ್ತ ಮೇಲೆ ಅಮೆರಿಕ 2004ರಲ್ಲಿ ಅಂಥ ಮಾತ್ರೆಗಳನ್ನು ನಿಷೇಧಿಸಿತು. ಲೈಗಾಂಗ್‌ಟೆಂಗ್ ಎಂಬ ಬಳ್ಳಿಯ ಬೇರು ಸಂಧಿವಾತದ ಊತ ಇಳಿಸುತ್ತದೆ ಅಂತ ಪರೀಕ್ಷೆಗಳು ತೋರಿಸಿವೆ. ಅದೇ ಬೇರು ಗಂಡಸರ ವೀರ್ಯಾಣು ಕಡಿಮೆ ಮಾಡುತ್ತದೆ, ಹೆಂಗಸರ ಮುಟ್ಟು ನಿಲ್ಲಿಸಬಹುದು.

ನಿಮ್ಮ ಮಾತ್ರೆ ಡಬ್ಬಿ ಪಕ್ಕದಲ್ಲಿಟ್ಟು ನೋಡಿ

ಅಮ್ಮನಿಗೆ ಆದದ್ದು ಇಲ್ಲಿ. ಆಂಟಿಗೆ ಒಗ್ಗಿದ ಪೊಟ್ಟಣ ಅಮ್ಮನಿಗೆ ಒಗ್ಗಲಿಲ್ಲ. ಅಮ್ಮನ ಡಬ್ಬಿಯಲ್ಲಿ ವಾರ್ಫರಿನ್ ಇತ್ತು, ಆಂಟಿ ಡಬ್ಬಿಯಲ್ಲಿ ಇರಲಿಲ್ಲ.

ವಾರ್ಫರಿನ್ ತೆಗೆದುಕೊಳ್ಳುವವರು ಡಾನ್‌ಶೆನ್, ಡಾಂಗ್‌ಗ್ವೈ, ಗೋಜಿ, ಗಿಂಕ್ಗೊ ಮುಟ್ಟಬೇಡಿ. ಜಿನ್ಸೆಂಗ್ ಉಲ್ಟಾ ದಿಕ್ಕಿಗೆ ಎಳೆಯಬಹುದು, ವಾರ್ಫರಿನ್ ಶಕ್ತಿ ಕುಗ್ಗಿಸಿ ರಕ್ತ ಹೆಪ್ಪುಗಟ್ಟಲು ಬಿಡಬಹುದು. ಬಿ.ಪಿ. ಇದ್ದವರು ಗಾನ್‌ಚಾವ್ ಬಗ್ಗೆ ಹುಷಾರು. ದಿನಾ ಕುಡಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಚೀನೀ ಮಿಶ್ರಣಗಳಲ್ಲಿ ಅದು ಬಹಳ ಕಡೆ ಇರುತ್ತದೆ, ಸಿಹಿ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಕೆಮ್ಮಿನ ಜ್ಯೇಷ್ಠಮಧುವಿಗೂ ಇದೇ ಮಾತು. ಕಿಡ್ನಿ ಬದಲಾಯಿಸಿಕೊಂಡವರು, ಕೀಮೊ ನಡೆಯುತ್ತಿರುವವರು, ಬಸುರಿಯರು ಯಾವ ಕಷಾಯವನ್ನೂ ತಮ್ಮ ವೈದ್ಯರಿಗೆ ತೋರಿಸದೆ ಕುಡಿಯಬಾರದು. ಆಪರೇಷನ್ ಇದ್ದರೆ ವಾರಗಳ ಮುಂಚೆಯೇ ಹೇಳಿಬಿಡಿ.

ಪುಟ್ಟ ಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಹುವಾಂಗ್‌ಲಿಯನ್ ಎಂಬ ಕಹಿ ಹಳದಿ ಬೇರಿನಲ್ಲಿ ಬರ್ಬೆರಿನ್ ಇದೆ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಹಸುಗೂಸುಗಳಿಗೆ ಅದರಿಂದ ಕಾಮಾಲೆ ಏರುತ್ತದೆ ಎಂಬ ಭಯದಿಂದ ಸಿಂಗಾಪುರ 1978ರಲ್ಲಿ ಅದನ್ನು ನಿಷೇಧಿಸಿತ್ತು. 2013ರಿಂದ ಸಡಿಲಿಸಿದರು, ಆದರೆ ಎಳೆಮಕ್ಕಳಿಗೆ ಬೇಡ ಎಂಬ ಎಚ್ಚರಿಕೆ ಹಾಗೇ ಇದೆ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲಿರುವ ಹಳದಿಯೂ ಬರ್ಬೆರಿನ್ನೇ. ಬಾಣಂತಿ ಮನೆಗಳಲ್ಲಿ ಇದು ನೆನಪಿರಲಿ.

ಡಬ್ಬಿ ಕೊಳ್ಳುವುದಾದರೆ

ಸಿಂಗಾಪುರದಲ್ಲಿ ಡಬ್ಬಿಯಲ್ಲಿ ಬರುವ ಚೀನೀ ಔಷಧಿಗಳನ್ನು ಆರೋಗ್ಯ ವಿಜ್ಞಾನ ಪ್ರಾಧಿಕಾರ ಪಟ್ಟಿ ಮಾಡುತ್ತದೆ. ಅವರ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಪಟ್ಟಿಯಲ್ಲಿದೆ ಅಂದರೆ ಸೀಸ, ಪಾದರಸದಂಥವು ಮಿತಿಯೊಳಗಿವೆ, ಗುಣಮಟ್ಟ ನೋಡಿದ್ದಾರೆ ಅಂತ ಅರ್ಥ. ಕಾಯಿಲೆ ವಾಸಿಯಾಗುತ್ತದೆ ಅಂತ ಅವರು ಹೇಳಿದ ಹಾಗಲ್ಲ. ಖಾನೆಯಿಂದ ತೂಗಿ ಕೊಡುವ ಬಿಡಿ ಬೇರುಗಳಿಗೆ ಈ ಪಟ್ಟಿ ಇಲ್ಲ. ಸಿನ್‌ಸೇ, ಅಂದರೆ ಚೀನೀ ವೈದ್ಯರು, ನೋಂದಣಿ ಆದವರಾ ಅಂತಲೂ ನೋಡಿ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಬಿ.ಪಿ. ಗುಣ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದು ಇಲ್ಲಿ ಕಾನೂನಿಗೆ ವಿರುದ್ಧ. ಹಾಗೆ ಬರೆದ ಡಬ್ಬಿ ಕಂಡರೆ ವಾಪಸ್ ಇಟ್ಟುಬಿಡಿ.

ಹೆಸರಿಲ್ಲದ ನೋವಿನ ಮಾತ್ರೆಗಳ ಬಗ್ಗೆ ನನಗೆ ನಿಜವಾದ ಭಯ. "ಎರಡೇ ದಿನದಲ್ಲಿ ನೋವು ಮಾಯ, ಹಸಿವೂ ಚೆನ್ನಾಗಿದೆ" ಅಂದರೆ ಒಳಗೆ ಸ್ಟೆರಾಯ್ಡ್ ಬೆರೆಸಿರಬಹುದು. ಇಂಥವು ಮತ್ತೆ ಮತ್ತೆ ಸಿಕ್ಕಿಬಿದ್ದಿವೆ. ಕೆಲವು ವಾರದಲ್ಲಿ ಮುಖ ದುಂಡಗೆ ಊದುತ್ತದೆ, ಸಕ್ಕರೆ ಏರುತ್ತದೆ. ಅನುಮಾನ ಬಂದರೆ ಸುಮ್ನೆ ನಿಲ್ಲಿಸಿ ಕೂರಬೇಡಿ. ತುಂಬಾ ದಿನ ನುಂಗಿದ್ದ ಸ್ಟೆರಾಯ್ಡನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಡಬ್ಬಿ ಹಿಡಿದುಕೊಂಡು ಅವತ್ತೇ ವೈದ್ಯರ ಹತ್ತಿರ ಹೋಗಿ.

ಇಷ್ಟೆಲ್ಲ ನೋಡಿಯೂ ಕುಡಿಯಬೇಕು ಅನಿಸಿದರೆ, ಒಂದು ಸಲಕ್ಕೆ ಒಂದೇ ಹೊಸದು ಶುರು ಮಾಡಿ. ಶುರು ಮಾಡಿದ ತಾರೀಖು, ಎಷ್ಟು, ಯಾವುದಕ್ಕೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಎಷ್ಟು ದಿನ ನೋಡುತ್ತೀರಿ ಅಂತ ಮೊದಲೇ ಗೊತ್ತು ಮಾಡಿ. ನಾನು ನಾಲ್ಕು ವಾರ ಅನ್ನುತ್ತೇನೆ. ಅಷ್ಟರಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈ ತುರಿಸಿದರೆ, ಎಲ್ಲಾದರೂ ರಕ್ತ ಬಂದರೆ ಅವತ್ತೇ ನಿಲ್ಲಿಸಿ, ತೋರಿಸಿ. ಮಾಮೂಲಿ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ನೀವೇ ಬಿಡಬೇಡಿ.

ಅಮ್ಮನಿಗೆ ವೈದ್ಯರು ಎರಡು ದಿನ ವಾರ್ಫರಿನ್ ನಿಲ್ಲಿಸಲು ಹೇಳಿದರು, ಕಷಾಯ ಪೂರ್ತಿ ಬಂದ್. ಎಂಟನೇ ದಿನ ಐಎನ್‌ಆರ್ 3.1 ಬಂತು. ಅವತ್ತು ಸಂಜೆ ಆಂಟಿ ಮನೆಗೆ ಹೋಗಿ ಅಮ್ಮನ ಕವಾಟದ ವಿಷಯ ಹೇಳಿದೆ. ಅವರು ಅಮ್ಮನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಮುಂದಿನ ಭಾನುವಾರ ಒಂದು ಪಾತ್ರೆ ಸೂಪ್ ತಂದರು. ಮುಚ್ಚಳ ತೆಗೆಯುವ ಮುಂಚೆಯೇ ಫೋನ್ ತೋರಿಸಿದರು. ಒಲೆಗೆ ಇಡುವ ಮೊದಲು ಒಳಗೆ ಹಾಕಿದ್ದನ್ನೆಲ್ಲ ಬಿಳೀ ತಟ್ಟೆಯಲ್ಲಿ ಸಾಲಾಗಿ ಇಟ್ಟು ಫೋಟೊ ತೆಗೆದಿದ್ದರು. ತಾವರೆ ಗೆಡ್ಡೆ, ಕಡಲೆಕಾಯಿ ಬೀಜ, ಶುಂಠಿ, ಮೂರು ಕೆಂಪು ಖರ್ಜೂರ.